ಸಭೆಯವರೇ ಎದುರು ನಿಂತಾಗ

ನಂಬಿಕೆಗೆ ಹೊರಗಿನಿಂದ ವಿರೋಧ ಬಂದರೆ ಹೇಗೆ ನಿಲ್ಲಬೇಕು ಅಂತ ನಮ್ಮ ಚರ್ಚುಗಳಲ್ಲಿ ಬೇಕಾದಷ್ಟು ಪ್ರಸಂಗ ಆಗುತ್ತವೆ. ಸಭೆಯೊಳಗಿನವರೇ ಎದುರು ನಿಂತರೆ ಏನು ಮಾಡಬೇಕು ಅನ್ನುವುದರ ಬಗ್ಗೆ ಅಷ್ಟು ಕೇಳಿಬರುವುದಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಾಗಲಿ, ಗದಗ-ಬೆಟಗೇರಿಯಲ್ಲಾಗಲಿ, ರಾಣೆಬೆನ್ನೂರು ಕಡೆಯ ಸಣ್ಣ ಸಭೆಯಲ್ಲಾಗಲಿ, ಸಾಮಾನ್ಯ ವಿಶ್ವಾಸಿಯನ್ನು ವರ್ಷಗಟ್ಟಲೆ ಕಾಡುವುದು ಈ ಎರಡನೆಯದೇ. ಖಜಾಂಚಿ ಒಂದು ವೋಚರಿಗೆ ಸಹಿ ಹಾಕಲ್ಲ ಅನ್ನುತ್ತಾರೆ. ಅಯ್ಯನವರು, ಅಂದರೆ ಸಭೆಯ ಪಾದ್ರಿ, ವರದಕ್ಷಿಣೆ ವಿರುದ್ಧ ಮಾತಾಡುತ್ತಾರೆ, ಮುಂದಿನ ಸಾಲಿನ ಹಿರಿಯರ ಮುಖ ಗಂಟಾಗುತ್ತದೆ. ಒಬ್ಬ ಹುಡುಗಿ, ಹುಡುಗನ ಅಜ್ಜ ಯಾವ ಜಾತಿಯಿಂದ ಸಭೆಗೆ ಬಂದವನು ಅಂತ ಕೇಳದೆ ಮದುವೆಗೆ ಒಪ್ಪುತ್ತಾಳೆ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಯಾರೋ ಹತ್ತಿರ ಬರುತ್ತಾರೆ. "ನೀವು ಹೇಳೋದು ಖರೇ ಇರಬಹುದ್ರೀ. ಆದ್ರ ಮಂದಿ ಮುಂದ ನಮ್ಮ ಸಭಾದ ಮಾನ ಯಾಕ ಕಳೀತೀರಿ?"

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಹೇಳಿದವರು ಶತ್ರುಗಳಾಗಿದ್ದರೆ ಸುಲಭವಿತ್ತು. ಇವರು ನಮ್ಮ ಜೊತೆ ಪ್ರಭುಭೋಜನ ತೆಗೆದುಕೊಂಡವರು. ನಮ್ಮ ಮನೆಯ ಮಣ್ಣಿಗೆ ಬಂದು ಕೀರ್ತನೆ ಹಾಡಿದವರು.

ಸತ್ಯವೇದ ಓದಿದವರಿಗೆ ಇದು ಹೊಸದೇನೂ ಅನ್ನಿಸಬಾರದು. ಪ್ರವಾದಿ ಯೆರೆಮೀಯನನ್ನು ಹೊಡೆಸಿ ಕೋಳಕ್ಕೆ ಹಾಕಿಸಿದ ಪಷ್ಹೂರ ದೇವಾಲಯದ ಯಾಜಕ. "ಇಲ್ಲಿ ಪ್ರವಾದಿಸಬೇಡ, ನಿನ್ನೂರಿಗೆ ಹೋಗು" ಅಂತ ಆಮೋಸನಿಗೆ ಹೇಳಿದ ಅಮಚ್ಯನೂ ಬೇತೇಲಿನ ಯಾಜಕನೇ. ವಿರೋಧ ಮನೆಯೊಳಗಿಂದ ಬಂದ ಉದಾಹರಣೆಗಳು ಅಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಆದರೆ ಹೇಗೆ ನಿಲ್ಲಬೇಕು, ಎಲ್ಲಿ ಬಗ್ಗಬೇಕು ಅನ್ನುವುದನ್ನು ಕಲಿಯಲು ಸಿರಿಯದ ಅಂತಿಯೋಕ್ಯ ಪಟ್ಟಣದ ಒಂದು ಊಟದ ಜಗಳಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ.

ಪಂಕ್ತಿ ಬದಲಿಸಿದ ಪೇತ್ರ

ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನೇ ಇದನ್ನು ಹೇಳುತ್ತಾನೆ. ಪೇತ್ರ ಅಂತಿಯೋಕ್ಯಕ್ಕೆ ಬಂದಿದ್ದ. ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಅಷ್ಟರಲ್ಲಿ ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಯೆಹೂದ್ಯರು ಬೇರೆಯವರ ಜೊತೆ ಉಣ್ಣುವುದು ಅವರಿಗೆ ಸರಿಬರುತ್ತಿರಲಿಲ್ಲ. ಅವರು ಏನನ್ನುತ್ತಾರೋ ಅಂತ ಹೆದರಿ ಪೇತ್ರ ಮೆಲ್ಲಗೆ ಸರಿದು ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಸರಿದರು. ಕೊನೆಗೆ ಬಾರ್ನಬನೂ ಸರಿದ. ಆಗ ಪೌಲ ಎಲ್ಲರ ಮುಂದೆ ಪೇತ್ರನನ್ನು ಮುಖಾಮುಖಿ ಕೇಳಿದ.

ಇಲ್ಲಿ ಪೇತ್ರ ಯಾವ ಉಪದೇಶವನ್ನೂ ಬದಲಿಸಿರಲಿಲ್ಲ. ಎಲ್ಲರೂ ಕ್ರಿಸ್ತನಲ್ಲಿ ಒಂದು ಅಂತ ಅವನನ್ನು ಕೇಳಿದ್ದರೆ ಹೌದು ಅಂತಲೇ ಹೇಳುತ್ತಿದ್ದ. ಅವನು ಬದಲಿಸಿದ್ದು ಕೂರುವ ಜಾಗ ಮಾತ್ರ. ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಾಯಲ್ಲಿ ಒಂದು, ಪಂಕ್ತಿಯಲ್ಲಿ ಇನ್ನೊಂದು. ಊಟ ಎರಡಾದರೆ ಸುವಾರ್ತೆಯೂ ಎರಡಾಗುತ್ತದೆ ಅನ್ನುವುದು ಪೌಲನ ವಾದ.

ಈಗ ಇದರ ಪಕ್ಕದಲ್ಲಿ ಬೇರೆ ಎರಡು ಭಾಗಗಳನ್ನು ಇಟ್ಟು ನೋಡಿ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿ ಇದೇ ಪೌಲ, ಆ ಕಡೆಯ ಯೆಹೂದ್ಯರಿಗೆ ತೊಡಕಾಗಬಾರದು ಅಂತ ತಿಮೊಥೆಯನಿಗೆ ಸುನ್ನತಿ ಮಾಡಿಸುತ್ತಾನೆ. ಯೆಹೂದ್ಯನಲ್ಲದ ಜೊತೆಗಾರ ತೀತನ ವಿಷಯದಲ್ಲಿ ಮಾತ್ರ ಸುನ್ನತಿಗೆ ಸುತಾರಾಂ ಒಪ್ಪಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ, ತಿನ್ನುವ ವಿಷಯಕ್ಕೆ ತಮ್ಮನ ಮನಸ್ಸು ನೋಯಿಸಬೇಡಿ, ನೀವೇ ಬಿಟ್ಟುಕೊಡಿ ಅನ್ನುತ್ತಾನೆ. ಮನುಷ್ಯ ಒಬ್ಬನೇ. ಒಂದು ಕಡೆ ಬಗ್ಗುತ್ತಾನೆ, ಇನ್ನೊಂದು ಕಡೆ ಜಗ್ಗುವುದಿಲ್ಲ. ಯಾಕೆ?

ನನಗೆ ಕಾಣುವುದು ಇಷ್ಟು. ಬಿಟ್ಟುಕೊಡಬೇಕಾದದ್ದು ತನ್ನ ಹಕ್ಕಾಗಿದ್ದರೆ ಪೌಲ ಬಿಟ್ಟುಕೊಡುತ್ತಾನೆ. ತಾನು ಬಿಟ್ಟುಕೊಟ್ಟರೆ ಇನ್ನೊಬ್ಬರು ಹೊರಗುಳಿಯುತ್ತಾರೆ ಅಂದಾಗ ಒಂದು ಇಂಚೂ ಬಿಡುವುದಿಲ್ಲ. ಸುನ್ನತಿಯಾದರೆ ಮಾತ್ರ ರಕ್ಷಣೆ ಅಂತ ಷರತ್ತು ಹಾಕಿದಾಗ ಅದು ಬಡ ಅನ್ಯಜನರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅಲ್ಲಿ ಸುಮ್ಮನಿರುವುದು ಸಮಾಧಾನದ ಗುಣ ಅನ್ನಿಸಿಕೊಳ್ಳುವುದಿಲ್ಲ.

ಈ ಅಳತೆ ಹಿಡಿದು ನಮ್ಮ ಸಭೆಗಳ ಜಗಳ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗುತ್ತವೆ. ಆರ್ಗನ್ ಸಾಕು, ಡ್ರಮ್ಸ್ ಯಾಕೆ? ಹಳೇ ಕೀರ್ತನೆ ಬಿಟ್ಟು ಹೊಸ ಹಾಡು ಯಾಕೆ? ಆರಾಧನೆ ಎಷ್ಟು ಗಂಟೆಗೆ? ಸುಗ್ಗಿ ಹಬ್ಬದ ಹರಾಜು ಯಾರು ಕೂಗಬೇಕು? ಇವುಗಳಲ್ಲಿ ಇಷ್ಟಾನಿಷ್ಟ ಇರುತ್ತದೆ, ಕೆಲವೊಮ್ಮೆ ಹಟವೂ ಇರುತ್ತದೆ. ಅದನ್ನು ನಂಬಿಕೆಯ ನಿಲುವು ಅಂತ ಕರೆದರೆ ನಂಬಿಕೆಗೇ ಅವಮಾನ.

ದೀಕ್ಷಾಸ್ನಾನದ ವಿಷಯ ಅಷ್ಟು ಸಲೀಸಲ್ಲ. ಮಗುವಿದ್ದಾಗ ದೀಕ್ಷಾಸ್ನಾನ ಆದವನು ದೊಡ್ಡವನಾಗಿ ಪೆಂತೆಕೊಸ್ತ್ ಸಭೆಗೆ ಹೋಗಿ ನೀರಿನಲ್ಲಿ ಮುಳುಗಿ ಮತ್ತೆ ತೆಗೆದುಕೊಳ್ಳುತ್ತಾನೆ. ಮನೆಯಲ್ಲಿ ರಂಪ. ಎರಡೂ ಕಡೆ ವಚನಗಳಿವೆ, ಎರಡೂ ಕಡೆ ಪ್ರಾಮಾಣಿಕರಿದ್ದಾರೆ. ಒಬ್ಬೊಬ್ಬರು ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅಂತ ರೋಮಾಪುರದ ಪತ್ರ ಹೇಳುವುದು ಇಂಥ ಜಾಗಕ್ಕೆ ಸರಿಹೊಂದುತ್ತದೆ. ಆದರೆ "ಅವ್ವಂದು ದೀಕ್ಷಾಸ್ನಾನನ ಅಲ್ಲ" ಅಂತ ತಾಯಿಯ ಮುಖಕ್ಕೆ ಹೇಳುವ ಹುಡುಗ, ಆ ನಿಶ್ಚಯದ ಜೊತೆ ಇನ್ನೇನನ್ನೋ ಸೇರಿಸಿಕೊಂಡಿದ್ದಾನೆ.

ಜಾತಿ ಮಾತ್ರ ಖಂಡಿತ ಅಂತಿಯೋಕ್ಯದ ಸಾಲಿಗೆ ಸೇರುತ್ತದೆ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯಲ್ಲಿ ಜಾತಿಭೇದ ನಡೆಯಕೂಡದು ಅಂತ ಪತ್ರ ಬರೆದಾಗ ಮದ್ರಾಸಿನ ವೆಪೇರಿ, ತಂಜಾವೂರು ಕಡೆ ದೊಡ್ಡ ಪ್ರತಿಭಟನೆ ಎದ್ದಿತು. ಪ್ರತಿಭಟಿಸಿದವರು ಕ್ರೈಸ್ತರೇ. ಸ್ವಿಟ್ಜರ್ಲೆಂಡಿನಿಂದ ನಮ್ಮ ಕಡೆಗೆ ಬಂದ ಬಾಸೆಲ್ ಮಿಷನ್ ಜಾತಿ ಬಿಟ್ಟೇ ಸಭೆಗೆ ಬರಬೇಕು ಅಂತ ಪಟ್ಟು ಹಿಡಿದಿತ್ತು. ಹಾಗಿದ್ದೂ ಮದುವೆ ಮಾತುಕತೆ ಬಂದಾಗ ಹಳೇ ಲೆಕ್ಕ ಹೊರಗೆ ಬರುವುದುಂಟು, ಅಲ್ವಾ? ಆ ಹುಡುಗಿಯ ಪರ ನಿಲ್ಲುವವರು ನಿಜಕ್ಕೂ ಪೌಲನ ಪಕ್ಕದಲ್ಲಿ ನಿಂತಿರುತ್ತಾರೆ.

ಕಿಟೆಲರನ್ನು ಪಕ್ಕಕ್ಕೆ ತಳ್ಳಿದ್ದು

ದೂರ ಹೋಗುವುದು ಬೇಡ. ಧಾರವಾಡದಲ್ಲಿ ಇವತ್ತು ಒಂದು ಕಾಲೇಜಿಗೆ ಕಿಟೆಲರ ಹೆಸರಿದೆ. ನಿಘಂಟು ಮಾಡಿದ ಮಹನೀಯರು ಅಂತ ಎಲ್ಲರಿಗೂ ಗೊತ್ತು. ಅವರದೇ ಮಿಷನ್ ಅವರನ್ನು ಹೇಗೆ ನೋಡಿತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಫರ್ಡಿನಾಂಡ್ ಕಿಟೆಲ್ ಬಂದದ್ದು 1853ರಲ್ಲಿ. ಜನರ ಭಾಷೆ, ಪದ್ಧತಿ, ಹಾಡಿನ ಧಾಟಿ ಕಲಿಯದೆ ಇಲ್ಲಿ ಕೆಲಸವಿಲ್ಲ ಅನ್ನುವುದು ಅವರ ನಂಬಿಕೆ. ಮಿಷನ್ನಿನವರಿಗೆ ಇದು ಹಿಡಿಸಲಿಲ್ಲ. ಅಲ್ಲಿ ದಕ್ಷಿಣ ಜರ್ಮನಿಯವರದೇ ಬಲ, ಕಿಟೆಲ್ ಉತ್ತರ ಜರ್ಮನಿಯವರು. ಮೊದಲಿನಿಂದಲೂ ಅವರ ಮೇಲೆ ಅನುಮಾನ ಇದ್ದೇ ಇತ್ತು. (ಊರು-ಸೀಮೆ ನೋಡಿ ಅಳೆಯುವುದು ನಮ್ಮದೊಂದೇ ಚಾಳಿ ಅಂದುಕೊಂಡಿದ್ದೆವು!) ಅವರನ್ನು ದೂರದ ನೀಲಗಿರಿಗೆ ಕಳಿಸಿದರು. ಆಮೇಲೆ ಮಂಗಳೂರಿನ ಮುದ್ರಣಾಲಯದ ಕೆಲಸಕ್ಕೆ ಹಾಕಿದರು.

ಕಿಟೆಲ್ ಬೇರೆ ಪಂಗಡ ಕಟ್ಟಲಿಲ್ಲ. ಹೇಳಿದ ಜಾಗಕ್ಕೆ ಹೋದರು. ಆದರೆ ಯಾವುದನ್ನು ಮಾಡಬೇಕು ಅಂತ ನಂಬಿದ್ದರೋ ಅದನ್ನು ಬಿಡಲಿಲ್ಲ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಹೊರತಂದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಸಂಪಾದಿಸಿದರು. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕೆಲಸದ ಜಾಗವನ್ನು ಅಧಿಕಾರ ತೀರ್ಮಾನಿಸಲಿ ಅಂತ ಬಿಟ್ಟುಕೊಟ್ಟರು, ಕೆಲಸದ ಅರ್ಥವನ್ನು ಬಿಟ್ಟುಕೊಡಲಿಲ್ಲ.

ಇದನ್ನು ಓದಿ 'ನನ್ನನ್ನೂ ಪಕ್ಕಕ್ಕೆ ತಳ್ಳಿದ್ದಾರೆ, ಹಾಗಾದರೆ ನಾನೂ ಸರಿ' ಅಂದುಕೊಳ್ಳುವ ಅಪಾಯ ಇದೆ. ಒಂಟಿಯಾಗಿರುವುದು ಸತ್ಯಕ್ಕೆ ಸಾಕ್ಷಿ ಆಗುವುದಿಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಕ್ರಿಸ್ತನ ದೈವತ್ವದ ವಿಷಯದಲ್ಲಿ ನಿಂತದ್ದಕ್ಕೆ 5 ಸಲ ಗಡಿಪಾರಾದ, ಒಟ್ಟು ಸುಮಾರು 17 ವರ್ಷ. 335ರಲ್ಲಿ ಅವನನ್ನು ಪದವಿಯಿಂದ ಇಳಿಸಿದ್ದು ಬಿಷಪ್ಪರದೇ ಸಭೆ. ಅವನ ನಿಲುವನ್ನು ಸಭೆ ಕೊನೆಗೆ ಒಪ್ಪಿತು. ಅದೇ ಶತಮಾನದಲ್ಲಿ ಉತ್ತರ ಆಫ್ರಿಕದ ಡೊನಾಟಿಸ್ಟರೂ ಅಷ್ಟೇ ಗಟ್ಟಿಯಾಗಿ ನಿಂತರು. ಹಿಂಸೆಯ ಕಾಲದಲ್ಲಿ ಹೆದರಿ ವೇದಗ್ರಂಥ ಒಪ್ಪಿಸಿಬಿಟ್ಟ ಪಾದ್ರಿಗಳ ಸಂಸ್ಕಾರ ನಡೆಯಲ್ಲ, ನಾವೇ ಶುದ್ಧರು ಅಂದರು. ನೂರಾರು ವರ್ಷ ಸಭೆ ಎರಡಾಗಿ ಹೋಯಿತು. ಧೈರ್ಯ ಇಬ್ಬರಲ್ಲೂ ಇತ್ತು. ಒಬ್ಬನ ಧೈರ್ಯ ಕ್ರಿಸ್ತ ಯಾರು ಅನ್ನುವುದಕ್ಕೆ, ಇನ್ನೊಬ್ಬರದು ಯಾರನ್ನು ಹೊರಗಿಡಬೇಕು ಅನ್ನುವುದಕ್ಕೆ.

ವ್ಯತ್ಯಾಸ ಗುರುತಿಸಲು ಸಭೆಯ ಸುಧಾರಕ ಮಾರ್ಟಿನ್ ಲೂಥರನ, ಜರ್ಮನಿಯ ವೊರ್ಮ್ಸ್ ಊರಿನ ಪ್ರಸಂಗ ಸಹಾಯ ಮಾಡುತ್ತದೆ. 1521ರ ಏಪ್ರಿಲ್ 18ರಂದು ಚಕ್ರವರ್ತಿಯ ಮುಂದೆ, ಬರೆದದ್ದನ್ನೆಲ್ಲ ಹಿಂತೆಗೆದುಕೋ ಅಂದಾಗ ಅವನು ಒಲ್ಲೆ ಅಂದ. ಎಲ್ಲರಿಗೂ ನೆನಪಿರುವುದು ಅಷ್ಟು. ಆದರೆ ಆ ಉತ್ತರದಲ್ಲಿ ಒಂದು ಷರತ್ತಿತ್ತು. ವೇದವಾಕ್ಯದಿಂದಲೋ ಸ್ಪಷ್ಟವಾದ ಕಾರಣದಿಂದಲೋ ನನ್ನ ತಪ್ಪು ತೋರಿಸಿದರೆ ಬದಲಾಗುತ್ತೇನೆ ಅಂದಿದ್ದ. ಏನು ತೋರಿಸಿದರೆ ನೀವು ಮನಸ್ಸು ಬದಲಿಸುತ್ತೀರಿ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಅದು ಹಟ.

ಹೇಳುವ ಕ್ರಮ

ನಿಲುವು ಸರಿ ಅಂತ ಗೊತ್ತಾಯಿತು. ಮುಂದೆ? ಮತ್ತಾಯ 18ರಲ್ಲಿ ಯೇಸು ಕೊಟ್ಟ ಕ್ರಮ ಎಲ್ಲರಿಗೂ ಬಾಯಿಪಾಠ. ಮೊದಲು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಮೇಲೆ ಸಭೆಗೆ ಹೇಳು. ನಾವು ಮಾಡುವುದು ಸಾಮಾನ್ಯವಾಗಿ ಉಲ್ಟಾ. ಮೊದಲು ವಾಟ್ಸಾಪ್ ಗ್ರೂಪಿಗೆ, ಆಮೇಲೆ ಬೀಗರಿಗೆ, ಸಂಬಂಧಪಟ್ಟವರಿಗೆ ಕೊನೆಗೆ.

ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ ಚರ್ಚುಗಳ ಆಡಳಿತ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳ ಮೇಲೆ ನಿಂತಿದೆ. ಸಭೆಯ ಸದಸ್ಯರು ಆರಿಸುವ ಪಾಸ್ಟರೇಟ್ ಕಮಿಟಿ, ಅದರ ಮೇಲೆ ಸಭಾಪ್ರಾಂತದ (ಡಯಾಸಿಸ್) ಕೌನ್ಸಿಲ್, ಅದರ ಮೇಲೆ ಇಡೀ ಸಭೆಯ ಸಿನೋಡ್. ನಮ್ಮ ಕರ್ನಾಟಕ ಉತ್ತರ ಸಭಾಪ್ರಾಂತ 1970ರಲ್ಲಿ ಆದದ್ದು, ಕೇಂದ್ರ ಧಾರವಾಡ. ಶಿಸ್ತಿನ ವಿಷಯಕ್ಕೆ ಸಭೆಯದೇ ನ್ಯಾಯಪೀಠಗಳೂ ಇವೆ.

ಮೊದಲು ಹೇಳಿದ ಖಜಾಂಚಿಯನ್ನೇ ತೆಗೆದುಕೊಳ್ಳಿ. ಅವರು ಮೊದಲು ಕಾರ್ಯದರ್ಶಿಯ ಮನೆಗೆ ಹೋಗಿ ಕೇಳಬೇಕು: "ಸರ, ಈ ಬಿಲ್ಲಿಗೆ ರಸೀದಿ ಇಲ್ಲ. ಹೆಂಗ ಸಹಿ ಮಾಡ್ಲಿ?" ಎಷ್ಟೋ ಸಲ ರಸೀದಿ ಸಿಗುತ್ತದೆ, ವಿಷಯ ಅಲ್ಲೇ ಮುಗಿಯುತ್ತದೆ. ಸಿಗದಿದ್ದರೆ ಇನ್ನಿಬ್ಬರು ಸದಸ್ಯರ ಜೊತೆ ಅಯ್ಯನವರ ಹತ್ತಿರ. ಆಮೇಲೆ ಕಮಿಟಿಯಲ್ಲಿ, ಬರಹದಲ್ಲಿ. ಬಹುಮತ ವಿರುದ್ಧ ಹೋದರೆ "ನನ್ನ ವಿರೋಧವನ್ನು ನಡವಳಿಯಲ್ಲಿ ಬರೆದುಕೊಳ್ಳಿ" ಅಂತ ಕೇಳಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮಿನಿಟ್ಸ್ ಪುಸ್ತಕದಲ್ಲಿ ಒಂದು ಸಾಲು ಇದ್ದರೆ ನಾಳೆ ಲೆಕ್ಕ ತಪಾಸಣೆ ಮಾಡುವವರಿಗೆ ಹಿಡಿಯಲು ಒಂದು ಎಳೆ ಇರುತ್ತದೆ. ಕೂಗಾಡಿ ಎದ್ದುಹೋದರೆ ಕೂಗಾಟದ ಕಥೆ ಮಾತ್ರ ಉಳಿಯುತ್ತದೆ.

ಕ್ಯಾಥೊಲಿಕರಲ್ಲಿ ವ್ಯವಸ್ಥೆ ಬೇರೆ. ಇಲ್ಲಿನ ಅವರ ಚರ್ಚುಗಳು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿವೆ. ಗುರುಗಳನ್ನು ಜನ ಆರಿಸುವುದಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತ ಅಲ್ಲೂ ಇಲ್ಲ. 1983ರ ಧರ್ಮಸಭೆಯ ಕಾನೂನಿನ 212ನೇ ವಿಧಿ, ಸಭೆಯ ಒಳಿತಿನ ಬಗ್ಗೆ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ಗೌರವದಿಂದ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಅನ್ನುತ್ತದೆ. ಕಷ್ಟ ಇರುವುದು ಸ್ವತಂತ್ರ ಸಭೆಗಳಲ್ಲಿ. ಪಾಸ್ಟರ್ ಒಬ್ಬರೇ, ಹಾಲ್ ಅವರದೇ, ಬ್ಯಾಂಕ್ ಖಾತೆ ಅವರದೇ. ದೂರು ಹೇಳಲು ಮೇಲೆ ಯಾರೂ ಇಲ್ಲ. ಅಂಥ ಸಭೆಗೆ ಸೇರುವ ಮೊದಲೇ ಇಲ್ಲಿ ಲೆಕ್ಕ ಯಾರು ನೋಡುತ್ತಾರೆ ಅಂತ ಕೇಳುವುದು ಅವಿಶ್ವಾಸವೇನೂ ಅಲ್ಲ.

ಮತ್ತಾಯ 18ನ್ನು ಬಾಯಿ ಮುಚ್ಚಿಸಲು ಬಳಸುವವರೂ ಇದ್ದಾರೆ. "ಮೊದಲ ನನ್ನ ಹತ್ರ ಯಾಕ ಬರಲಿಲ್ಲ?" ಅಂತ ಕೇಳಿ ವಿಷಯವನ್ನೇ ಪಕ್ಕಕ್ಕಿಡುತ್ತಾರೆ. ಪೇತ್ರನ ತಪ್ಪು ಎಲ್ಲರ ಮುಂದೆ ನಡೆದಿತ್ತು, ಪೌಲ ಎಲ್ಲರ ಮುಂದೆಯೇ ಕೇಳಿದ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಂತೂ ಈ ಮೆಟ್ಟಿಲು ಹತ್ತುವ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಸಭೆಯ ಮಾನ, ಸಾಕ್ಷಿಜೀವನ, ಕ್ಷಮೆ ಅಂತೆಲ್ಲ ಹೇಳಿ ತಡೆಯುವವರ ಮಾತು ಕೇಳಬಾರದು.

ವಿರೋಧ ಯಾವ ರೂಪದಲ್ಲಿ ಬರುತ್ತದೆ

ಯೋಹಾನನ ಮೂರನೇ ಪತ್ರ ಒಂದೇ ಪುಟದ್ದು. ಅದರಲ್ಲಿ ದಿಯೊತ್ರೇಫ ಅನ್ನುವವನೊಬ್ಬ ಬರುತ್ತಾನೆ. ತಾನೇ ಮುಖ್ಯಸ್ಥನಾಗಬೇಕು ಅನ್ನುವ ಆಸೆ. ಯೋಹಾನನ ಮಾತು ಒಪ್ಪಲ್ಲ, ಬಂದ ಸಹೋದರರನ್ನು ಸೇರಿಸಲ್ಲ, ಸೇರಿಸುವವರನ್ನು ಸಭೆಯಿಂದಲೇ ಹಾಕುತ್ತಾನೆ. 2,000 ವರ್ಷದ ಹಿಂದಿನ ಪತ್ರ. ಇವನನ್ನು ನಾವೆಲ್ಲ ಯಾವುದಾದರೂ ಕಮಿಟಿಯಲ್ಲಿ ನೋಡಿದ್ದೇವೆ.

ಇವತ್ತು ಹೊರಗೆ ಹಾಕುವುದು ಮೆಲ್ಲಗೆ ನಡೆಯುತ್ತದೆ. ಆರಾಧನೆಯಲ್ಲಿ ಓದಲು ವೇದಪಾಠ ಕೊಡುವುದಿಲ್ಲ. ಕ್ವೈರಿಗೆ ಕರೆಯುವುದಿಲ್ಲ. ಸಂಡೇ ಸ್ಕೂಲ್ ಟೀಚರ್ ಪಟ್ಟಿಯಿಂದ ಹೆಸರು ಹೋಗುತ್ತದೆ. ಮನೆಯ ಪ್ರಾರ್ಥನಾ ಕೂಟಕ್ಕೆ ಬರುವವರ ಸಂಖ್ಯೆ ಇಳಿಯುತ್ತದೆ. ಹೆಚ್ಚು ನೋಯಿಸುವುದು ಕಾಗದದ ವಿಷಯ: ಸದಸ್ಯತ್ವದ ಪತ್ರ, ಮದುವೆಯ ಪ್ರಕಟಣೆ, ಸ್ಮಶಾನದಲ್ಲಿ ಜಾಗ. ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ ಅನ್ನುವಾಗ ಸ್ಮಶಾನದ ಮಾತು ಎತ್ತಿದರೆ ಎಂಥ ಗಟ್ಟಿಗನ ಕಾಲೂ ನಡುಗುತ್ತದೆ. ಯೋಹಾನ ಇದಕ್ಕೆ ಕೊಟ್ಟ ಉತ್ತರ ಸರಳ. ನಾನು ಬಂದಾಗ ಅವನು ಮಾಡಿದ್ದನ್ನು ನೆನಪಿಸುತ್ತೇನೆ ಅನ್ನುತ್ತಾನೆ. ಜೊತೆಗೆ ಆ ಪತ್ರ ಯಾರಿಗೆ ಬರೆದದ್ದೋ ಆ ಗಾಯ ಅನ್ನುವವನಿಗೆ, ಕೆಟ್ಟದ್ದನ್ನು ಅನುಸರಿಸಬೇಡ ಅನ್ನುತ್ತಾನೆ. ಅಂದರೆ ದಿಯೊತ್ರೇಫನನ್ನು ಎದುರಿಸಲು ಇನ್ನೊಬ್ಬ ದಿಯೊತ್ರೇಫ ಆಗಬೇಡ.

ಸಭೆಯ ಇತಿಹಾಸದಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ ನಡೆದದ್ದೂ ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಶುರುವಾದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಮೂಲದವರು ಒಂದಾದರು. ಆಗ ಒಂದು ವಾಗ್ದಾನ ಮಾಡಿಕೊಂಡರು. ಯಾವ ಸಭೆಯ ಮೇಲೂ ಅವರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಹೇರುವುದಿಲ್ಲ ಅಂತ. ಒಂದಾಗುವ ಗಡಿಬಿಡಿಯಲ್ಲೂ ಒಪ್ಪದವರಿಗೆ ಜಾಗ ಇಟ್ಟರು. ಅಷ್ಟಾದರೂ ಆಂಧ್ರದ ನಂದ್ಯಾಲದ ಅನೇಕ ಆಂಗ್ಲಿಕನರು ಮನಸ್ಸಾಕ್ಷಿ ಒಪ್ಪಲ್ಲ ಅಂತ ಹೊರಗೇ ಉಳಿದರು. ವರ್ಷಗಳ ಮೇಲೆ ನಂದ್ಯಾಲವೂ ಸಿ.ಎಸ್.ಐ. ಒಳಗೆ ಬಂತು. 2013ರಲ್ಲಿ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಆದ ಪುಷ್ಪಲಲಿತಾ ಅವರು ಅದೇ ನಂದ್ಯಾಲಕ್ಕೆ ಬಿಷಪ್ ಆದರು. 1976ರಲ್ಲಿ ಮೊದಲ ಮಹಿಳೆಗೆ ದೀಕ್ಷೆ ಕೊಟ್ಟಾಗಿನಿಂದ ಅಲ್ಲಿಗೆ ಬರಲು 37 ವರ್ಷ ಬೇಕಾಯಿತು. ಆ ವಿಷಯದಲ್ಲಿ ಎರಡೂ ಕಡೆಯವರು ವೇದವಾಕ್ಯ ಹಿಡಿದೇ ಮಾತಾಡಿದವರು.

ಕೋರ್ಟಿಗೆ ಹೋಗಬಹುದೇ, ಸಭೆ ಬಿಡಬಹುದೇ

ಬಹಿಷ್ಕಾರದ ವಿಷಯದಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಹಳೇ ಕಾನೂನಿನ ಕಥೆ ಇದೆ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1949ರಲ್ಲಿ, ಬಹಿಷ್ಕಾರ ತಡೆ ಕಾಯ್ದೆ ಬಂತು. ಯಾವ ಸಮುದಾಯವೂ ತನ್ನ ಸದಸ್ಯನನ್ನು ಹೊರಗೆ ಹಾಕುವಂತಿಲ್ಲ ಅಂತ ಅದರ ತಿರುಳು. ಮುಸ್ಲಿಮರಲ್ಲಿ ಒಂದು ಪಂಗಡವಾದ ದಾವೂದಿ ಬೊಹ್ರಾ ಸಮುದಾಯದ ಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದುಮಾಡಿತು. ಧಾರ್ಮಿಕ ಕಾರಣಕ್ಕೆ ಸದಸ್ಯನನ್ನು ಹೊರಗಿಡುವುದು ಸಂವಿಧಾನದ 26ನೇ ವಿಧಿ ಕೊಟ್ಟ ಸ್ವಂತ ವ್ಯವಹಾರ ನೋಡಿಕೊಳ್ಳುವ ಹಕ್ಕಿನೊಳಗೆ ಬರುತ್ತದೆ ಅಂತ ಬಹುಮತದ ತೀರ್ಪು. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರೇ ಒಪ್ಪಲಿಲ್ಲ. ಬಹಿಷ್ಕಾರ ಮನುಷ್ಯನ ನಾಗರಿಕ ಹಕ್ಕುಗಳನ್ನೇ ಕಿತ್ತುಕೊಳ್ಳುತ್ತದೆ ಅನ್ನುವುದು ಅವರ ಅಭಿಪ್ರಾಯ. ನನಗಂತೂ ಅವರ ಮಾತೇ ಹೆಚ್ಚು ಹತ್ತಿರ ಅನ್ನಿಸುತ್ತದೆ.

ಆಸ್ತಿ, ಹಣ, ಚುನಾವಣೆ ಕ್ರಮದಂತಹ ವಿಷಯಕ್ಕೆ ಸಿವಿಲ್ ಕೋರ್ಟಿನ ಬಾಗಿಲು ಇದೆ. ಉಪದೇಶ ಸರಿಯೋ ತಪ್ಪೋ ಅಂತ ಜಡ್ಜ್ ಹೇಳಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ಸಹೋದರರು ಕೋರ್ಟಿಗೆ ಹೋಗುವುದನ್ನು ಖಂಡಿಸುತ್ತದೆ. ನಿಮ್ಮಲ್ಲಿ ನ್ಯಾಯ ಹೇಳುವ ಬುದ್ಧಿವಂತ ಒಬ್ಬನೂ ಇಲ್ಲವೇ ಅಂತಲೂ ಅದೇ ಅಧ್ಯಾಯ ಕೇಳುತ್ತದೆ. ಆ ಎರಡನೇ ಮಾತನ್ನು ಕಮಿಟಿಯವರು ಅಷ್ಟಾಗಿ ಓದುವುದಿಲ್ಲ.

ಸಭೆ ಬಿಡುವುದು ಸೋಲು ಅಂತ ನಾನು ಹೇಳಲಾರೆ. ಜೊತೆಗಾರ ಮಾರ್ಕನನ್ನು ಸುವಾರ್ತೆಯ ಪ್ರಯಾಣಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಪೌಲ-ಬಾರ್ನಬರಿಗೆ ಎಷ್ಟು ತೀಕ್ಷ್ಣ ಜಗಳ ಆಯಿತು ಅಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಒಬ್ಬ ಸೈಪ್ರಸ್ಸಿಗೆ, ಒಬ್ಬ ಸಿರಿಯಕ್ಕೆ. ಎರಡೂ ಕಡೆ ಕೆಲಸ ನಡೆಯಿತು. ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗವಾಗುತ್ತಾನೆ ಅಂತಿದೆ. ಬಿಟ್ಟುಹೋದರೂ ಮಾತು ಉಳಿದಿತ್ತು.

ಹಾಗಾಗಿ ಬಿಡಲೇಬೇಕು ಅಂತ ತೀರ್ಮಾನವಾದರೆ ಕೆಲವು ಕೆಲಸ ಮುಗಿಸಿ ಬಿಡಬೇಕು. ಕೈಯಲ್ಲಿದ್ದ ಲೆಕ್ಕ, ಬೀಗದ ಕೈ, ಪುಸ್ತಕಗಳನ್ನು ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಕಾರಣವನ್ನು ಒಂದೇ ಪುಟದಲ್ಲಿ ಬರೆದು ಅಯ್ಯನವರಿಗೆ ಕೊಡಿ. ಬೈಗುಳ ಬೇಡ, ಹೆಸರುಗಳ ಪಟ್ಟಿಯೂ ಬೇಡ. ಸದಸ್ಯತ್ವ ವರ್ಗಾವಣೆ ಪತ್ರ ಕೇಳಿ, ಮಕ್ಕಳ ದೀಕ್ಷಾಸ್ನಾನದ ದಾಖಲೆಯ ನಕಲು ತೆಗೆದಿಟ್ಟುಕೊಳ್ಳಿ. ನಾಲ್ಕು ಮನೆಯವರನ್ನು ಜೊತೆಗೆ ಎಳೆದುಕೊಂಡು ಹೋಗಬೇಡಿ. ಅವರಿಗೆ ಅವರದೇ ಮನಸ್ಸಾಕ್ಷಿ ಇದೆ.